ಸಿಂಹಗಳೇ ಎಂದು ಕರೆಯುವವರು

ಯುದ್ಧಕ್ಕೆ ಆಳುಗಳು ಬೇಕಾದಾಗಲೆಲ್ಲ ಪ್ರಭುತ್ವಗಳಿಗೆ ಪ್ರಾಣಿಗಳ ನೆನಪಾಗುತ್ತದೆ. 1915ರಲ್ಲಿ ಬ್ರಿಟನ್ ಅಚ್ಚು ಹಾಕಿಸಿದ ಸೈನ್ಯಭರ್ತಿಯ ಪೋಸ್ಟರೊಂದರಲ್ಲಿ ಆರ್ಥರ್ ವಾರ್ಡಲ್ ಎಂಬ ಚಿತ್ರಕಾರ ಒಂದು ಮುದಿ ಸಿಂಹವನ್ನೂ ಕೆಲವು ಎಳೆಯ ಸಿಂಹಗಳನ್ನೂ ಬರೆದ. ಮುದಿ ಸಿಂಹ ಬ್ರಿಟನ್. ಎಳೆಯವು ಅದರ ಅಧೀನ ದೇಶಗಳು. ಭಾರತವೂ ಅವುಗಳಲ್ಲೊಂದು. ಆ ಯುದ್ಧ ಮುಗಿಯುವಷ್ಟರಲ್ಲಿ 70 ಸಾವಿರಕ್ಕೂ ಹೆಚ್ಚು ಭಾರತೀಯರು ಸತ್ತಿದ್ದರು. 1917ರ ಅಮೆರಿಕದ ಪೋಸ್ಟರೊಂದರಲ್ಲಿ ಜರ್ಮನಿ, ಹೆಣ್ಣೊಬ್ಬಳನ್ನು ಹೊತ್ತೊಯ್ಯುವ ಗೊರಿಲ್ಲಾ ಆಯಿತು. ನಮ್ಮವನು ಸಿಂಹ, ಎದುರಾಳಿ ಗೊರಿಲ್ಲಾ, ಇಬ್ಬರೂ ಮನುಷ್ಯರಲ್ಲ. ಮನುಷ್ಯ ಮನುಷ್ಯನನ್ನು ಕೊಲ್ಲುವುದು ಸುಲಭವಲ್ಲ. ಆದ್ದರಿಂದಲೇ ಮೊದಲು ಇಬ್ಬರನ್ನೂ ಮೃಗ ಮಾಡಬೇಕಾಗುತ್ತದೆ.

ಈ ಉಪಾಯ ನಮ್ಮ ನಾಡಿಗೆ ಪೋಸ್ಟರಿಗಿಂತ ಮೊದಲೇ ಬಂದಿತ್ತು. 1799ರ ಶ್ರೀರಂಗಪಟ್ಟಣದ ಗೆಲುವಿಗಾಗಿ ಈಸ್ಟ್ ಇಂಡಿಯಾ ಕಂಪನಿ ಹಂಚಿದ ಪದಕದಲ್ಲಿ ಬ್ರಿಟಿಷ್ ಸಿಂಹ ಟಿಪ್ಪುವಿನ ಹುಲಿಯನ್ನು ಕೆಡವಿಕೊಂಡಿದೆ. ಮೇಲೆ ಅರಬ್ಬಿಯಲ್ಲಿ 'ಅಸದುಲ್ಲಾಹಿಲ್ ಗಾಲಿಬ್', ದೇವರ ಸಿಂಹವೇ ವಿಜಯಿ ಎಂದಿದೆ. ಇದೇ ಮಾತನ್ನು ಟಿಪ್ಪು ತನ್ನ ಆಯುಧಗಳ ಮೇಲೆ ಹುಲಿಮುಖದ ಆಕಾರದಲ್ಲಿ ಬರೆಸಿದ್ದ. ಪದಕದ ಸಿಂಹ ಎಲ್ಲರಿಗೂ ಒಂದೇ, ಲೋಹ ಮಾತ್ರ ಬೇರೆ ಬೇರೆ. ಜನರಲ್‌ಗಳಿಗೆ ಚಿನ್ನ, ಸಿಪಾಯಿಗಳಿಗೆ ತವರ!

ಟಿಪ್ಪುವನ್ನು ಪ್ರೀತಿಸುವ ನಾವು ಇಲ್ಲಿ ಜಾಣಮರೆವು ತೋರಬಾರದು. ಅವನೂ ತನ್ನ ಸಿಪಾಯಿಗಳಿಗೆ ಹುಲಿಪಟ್ಟೆಯ ಅಂಗಿ ತೊಡಿಸಿದ್ದ. ದಾಳಿಕೋರರ ಎದುರು ನಿಂತವನ ನ್ಯಾಯ ದೊಡ್ಡದೇ. ಆದರೆ ಪಟ್ಟೆ ತೊಟ್ಟು ಸತ್ತವರ ಮನೆಯಲ್ಲಿ ಅತ್ತವರು ಹುಲಿಗಳಲ್ಲ, ಹೆಂಡತಿ ಮಕ್ಕಳು.

ಮರುವರ್ಷವೇ, 1800ರಲ್ಲಿ, ಇಂದಿನ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯನ್ನು ನಿಜಾಮ ಕಂಪನಿಗೆ ಬಿಟ್ಟುಕೊಟ್ಟ. ಸಿಂಹದ ಆಳ್ವಿಕೆ ಇಲ್ಲಿಗೂ ಬಂತು. ಈ ಸೀಮೆಯ ಗುಡೇಕೋಟೆ ಕಾಡಿನಲ್ಲಿ ಕರಡಿಗಳಿವೆ. ಹೆದರಿದರೆ ಅವು ಮೈಮೇಲೆ ಬೀಳುತ್ತವೆ ನಿಜ. ಆದರೆ ರಾಜ್ಯಕ್ಕಾಗಿ ದಂಡೆತ್ತಿ ಹೋದ ಕರಡಿಯನ್ನು ಯಾರೂ ಕಂಡಿಲ್ಲ.

ಮನುಷ್ಯ ಪ್ರಾಣಿಯಾಗುವ ಇನ್ನೊಂದು ದಾರಿಯನ್ನೂ ಈ ಸೀಮೆ ಬಲ್ಲದು. ಹಡಗಲಿ ತಾಲೂಕಿನ ಮೈಲಾರದಲ್ಲಿ ಕಂಬಳಿ ತೊಟ್ಟ ಗೊರವಯ್ಯ ತಾನು ಮೈಲಾರಲಿಂಗನ ನಾಯಿ ಎಂದುಕೊಂಡು ಬೊಗಳುತ್ತಾನೆ, ದೋಣಿಗೆ ಬಾಯಿ ಹಚ್ಚಿ ಉಣ್ಣುತ್ತಾನೆ. ಅಲ್ಲಿ ಪ್ರಾಣಿಯಾಗುವುದು ಅಹಂಕಾರ ಕಳೆಯಲು; ಪೋಸ್ಟರಿನಲ್ಲಿ ಅಹಂಕಾರ ತುಂಬಲು. ಸೇವೆ ಮುಗಿಸಿದ ಗೊರವಯ್ಯ ಮನುಷ್ಯನಾಗಿ ಮನೆಗೆ ಮರಳುತ್ತಾನೆ. ಸಿಂಹವಾಗಿ ಹೋದ ಬಡವರ ಮಗ ಮರಳುತ್ತಾನೆಂಬ ಭರವಸೆ ಯಾರಿಗಿದೆ?

ವೇದಿಕೆಯ ಮೇಲಿಂದ, ಗೋಡೆಯ ಮೇಲಿಂದ, ಯಾವ ಧರ್ಮದ, ಯಾವ ದೇಶದ ಹೆಸರಿನಲ್ಲೇ ಆಗಲಿ, ನಮ್ಮ ಹುಡುಗರನ್ನು ಯಾರಾದರೂ ಸಿಂಹಗಳೇ ಎಂದು ಕರೆದಾಗ ನಾವು ಕೇಳಬೇಕಾದದ್ದು ಇಷ್ಟೆ: ಕರೆಯುವವರು ಸಾಲಿನಲ್ಲಿ ಎಲ್ಲಿ ನಿಲ್ಲುತ್ತಾರೆ? ಅವರಿಗೆ ಸಿಗುವ ಪದಕ ಯಾವ ಲೋಹದ್ದು?