ನೋಡುವ ಮೊದಲೇ ಆದ ತೀರ್ಪು

ರೋಣ ತಾಲ್ಲೂಕಿನ ಯಾವಗಲ್ಲಿನಂಥ ಎರಿಮಣ್ಣಿನ ಊರಿನಲ್ಲಿ ಆಫ್ರಿಕಾದ ಒಬ್ಬನೇ ಒಬ್ಬ ಮನುಷ್ಯನನ್ನೂ ಎದುರಾಎದುರು ಕಾಣದೆ ಬಾಳುವೆ ಮಾಡಿದವರು ಬಹಳ ಮಂದಿ ಇರಬಹುದು. ಅಂಥವರೊಬ್ಬರನ್ನು ‘ಆಫ್ರಿಕಾದವರು ಎಂಥವರು?’ ಎಂದು ಕೇಳಿದರೂ ಉತ್ತರಕ್ಕೆ ತಡವಾಗುವುದಿಲ್ಲ. ಗಟ್ಟಿ ಮೈ, ಸಿಡುಕು, ಗಾಂಜಾ, ಫೋನಿನಲ್ಲಿ ಮೋಸ ಎಂದು ಮಾತು ಸಾಗುತ್ತದೆ. ಬೆಂಗಳೂರಿನಲ್ಲಿ ಕೇಳಿದರೂ ಉತ್ತರ ಹೆಚ್ಚುಕಡಿಮೆ ಇದೇ. ಹಾಗೆ ಹೇಳಿದವರಿಗೆ ಆ ಜನರ ಮೇಲೆ ಹಗೆ ಇರುವುದಿಲ್ಲ. ಹಗೆ ಹುಟ್ಟಲು ಒಂದು ಜಗಳವಾದರೂ ನಡೆದಿರಬೇಕಲ್ಲ! ಮನುಷ್ಯ ಬರುವ ಮೊದಲೇ ಅವನ ಬಗೆಗಿನ ಅಭಿಪ್ರಾಯ ಊರು ಸೇರಿಬಿಟ್ಟಿದೆ. ಸಿನಿಮಾ, ಟೀವಿ, ಮೊಬೈಲಿನ ವಿಡಿಯೊ, ಪತ್ರಿಕೆಯ ಅಪರಾಧ ಸುದ್ದಿ ಎಲ್ಲವೂ ಸೇರಿ ಅದನ್ನು ಹೊತ್ತು ತಂದಿವೆ.

ಹೀಗೆ ನಾವು ಕರೆಯದೆ ಒಳಗೆ ಬಂದು, ನಮಗೆ ತಿಳಿಯದಂತೆ ನಮ್ಮ ಕಣ್ಣು ಕಿವಿಗಳನ್ನು ನಡೆಸುವ ತೀರ್ಪಿಗೆ ಸುಪ್ತ ಪೂರ್ವಗ್ರಹ ಎನ್ನುತ್ತಾರೆ. ಮನೋವಿಜ್ಞಾನ ಇದನ್ನು ಅಳೆಯಲು ಹೊರಟಿತು. ತತ್ತ್ವಶಾಸ್ತ್ರ ಎರಡು ಪ್ರಶ್ನೆ ಕೇಳಿತು. ಇದು ಅನುಭವದಿಂದ ಬಂದ ತಿಳಿವಳಿಕೆಯೋ, ತಿಳಿವಳಿಕೆಯ ವೇಷ ತೊಟ್ಟ ತಪ್ಪೋ? ನಾವಾಗಿ ಆರಿಸಿಕೊಳ್ಳದ ಈ ಗುಣಕ್ಕೆ ನಾವು ಹೊಣೆಯೋ, ಅಲ್ಲವೋ?

ಇದು ಪುಸ್ತಕದಲ್ಲಷ್ಟೇ ಇರುವ ಪ್ರಶ್ನೆಯಲ್ಲ ಎಂಬುದಕ್ಕೆ ನಮ್ಮ ರಾಜ್ಯದ್ದೇ ಒಂದು ಘಟನೆ ಇದೆ. 2016ರ ಜನವರಿ 31ರ ರಾತ್ರಿ ಬೆಂಗಳೂರಿನ ಹೆಸರಘಟ್ಟ ಕಡೆಯ ರಸ್ತೆಯಲ್ಲಿ ಸುಡಾನ್ ದೇಶದವನೊಬ್ಬ ಓಡಿಸುತ್ತಿದ್ದ ಕಾರು ಹಾಯ್ದು ಸ್ಥಳೀಯ ಮಹಿಳೆಯೊಬ್ಬರು ತೀರಿಕೊಂಡರು. ಸುಮಾರು ಅರ್ಧ ತಾಸಿನ ನಂತರ ಟಾಂಜಾನಿಯಾದ ವಿದ್ಯಾರ್ಥಿನಿಯೊಬ್ಬಳು ಗೆಳೆಯರೊಂದಿಗೆ ಬೇರೆ ಕಾರಿನಲ್ಲಿ ಅದೇ ದಾರಿಗೆ ಬಂದಳು. ಗುಂಪು ಅವರನ್ನು ಹೊರಗೆಳೆದು ಬಡಿಯಿತು, ಆಕೆಯ ಬಟ್ಟೆ ಹರಿಯಿತು, ಕಾರಿಗೆ ಬೆಂಕಿ ಇಟ್ಟಿತು. ಅಪಘಾತಕ್ಕೂ ಆಕೆಗೂ ಯಾವ ಸಂಬಂಧವೂ ಇರಲಿಲ್ಲ. ಸುಡಾನಿನ ಖಾರ್ಟೂಮಿನಿಂದ ಟಾಂಜಾನಿಯಾದ ದಾರೆಸ್ಸಲಾಮಿಗೆ ಎರಡು ಸಾವಿರ ಕಿಲೋಮೀಟರಿಗೂ ಹೆಚ್ಚು ದೂರ. ಅಲ್ಲಿ ಅರಬ್ಬೀ, ಇಲ್ಲಿ ಸ್ವಾಹಿಲಿ. ಗುಂಪಿನ ಕಣ್ಣಿಗೆ ಇದ್ಯಾವುದೂ ಬೀಳಲಿಲ್ಲ, ಬಿದ್ದದ್ದು ಬಣ್ಣ ಮಾತ್ರ.

ಆಗಿನ ಗೃಹ ಸಚಿವ ಜಿ. ಪರಮೇಶ್ವರ್ ಅವರು ಇದು ಜನಾಂಗೀಯ ದಾಳಿಯಲ್ಲ, ಮೊದಲಿನ ಅಪಘಾತಕ್ಕೆ ಬಂದ ಪ್ರತಿಕ್ರಿಯೆ ಎಂಬ ಅರ್ಥದ ಮಾತಾಡಿದರು. ನಮ್ಮ ಚರ್ಚೆಯ ಗಂಟು ಇರುವುದು ಈ ಮಾತಿನಲ್ಲೇ. ಸುಡಾನಿನವನ ತಪ್ಪಿಗೆ ಟಾಂಜಾನಿಯಾದವಳು ಉತ್ತರ ಕೊಡಬೇಕಾದದ್ದು ಹೇಗೆ? ರೋಣದ ಕಡೆಯ ಲಾರಿ ಡ್ರೈವರನೊಬ್ಬ ಅಪಘಾತ ಮಾಡಿದರೆ, ಅರ್ಧ ತಾಸಿನ ಮೇಲೆ ಬಂದ ಇನ್ನೊಬ್ಬ ರೋಣದವನನ್ನು ಹಿಡಿದು ಯಾರೂ ಹೊಡೆಯುವುದಿಲ್ಲ. ನಮ್ಮವರು ತಪ್ಪಿದರೆ ತಪ್ಪು ಆ ಒಬ್ಬನದು, ಹೊರಗಿನವರು ತಪ್ಪಿದರೆ ಇಡೀ ಕುಲದ್ದು. ಪೂರ್ವಗ್ರಹದ ತರ್ಕವೆಲ್ಲ ಇಷ್ಟೇ. ಅದು ಸಿಟ್ಟಿಗಿಂತ ಮೊದಲು ಕೆಲಸ ಮಾಡುತ್ತದೆ. ಸಿಟ್ಟು ಯಾರ ಮೇಲೆ ಬೀಳಬೇಕು ಎಂದು ಬೆರಳು ತೋರಿಸುವುದೇ ಅದು.

ಈ ತರ್ಕವನ್ನು ಬಹಳ ಹಿಂದೆಯೇ ಬಿಡಿಸಿ ತೋರಿಸಿದವನು ಸ್ಕಾಟ್ಲೆಂಡಿನ ಡೇವಿಡ್ ಹ್ಯೂಮ್. ಮಾನವ ಸ್ವಭಾವವನ್ನು ಕುರಿತು 1739ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅವನು, ಮನುಷ್ಯರು ಅವಸರದಲ್ಲಿ ಕಟ್ಟಿಕೊಳ್ಳುವ ಸಾಮಾನ್ಯ ನಿಯಮಗಳೇ ಪೂರ್ವಗ್ರಹದ ಬೇರು ಎಂದ. ಐರ್ಲೆಂಡಿನವರಿಗೆ ಚತುರೋಕ್ತಿ ಬಾರದು ಎಂದು ನಂಬಿದವನು, ಎದುರಿಗಿರುವ ಐರಿಷ್ ಮನುಷ್ಯ ಸೊಗಸಾಗಿ ಮಾತಾಡುತ್ತಿದ್ದರೂ ತನ್ನ ನಿಯಮವನ್ನು ಬಿಡುವುದಿಲ್ಲ. ಅನುಭವದಿಂದ ಹುಟ್ಟಿದ ನಿಯಮವೇ ಕೊನೆಗೆ ಅನುಭವದ ಬಾಯಿ ಮುಚ್ಚಿಸುತ್ತದೆ. ಎಷ್ಟು ಸ್ಪಷ್ಟವಾದ ವಿವರಣೆ! ಆದರೆ ಇದೇ ಹ್ಯೂಮ್ 1753ರಲ್ಲಿ ತನ್ನ ಇನ್ನೊಂದು ಪ್ರಬಂಧಕ್ಕೆ ಒಂದು ಅಡಿಟಿಪ್ಪಣಿ ಸೇರಿಸಿ, ಕಪ್ಪು ಜನರು ಹುಟ್ಟಿನಿಂದಲೇ ಬಿಳಿಯರಿಗಿಂತ ಕೀಳು ಎಂಬ ಅನುಮಾನ ತನಗಿದೆ ಎಂದು ಬರೆದ. ಜಮೈಕಾದಲ್ಲಿ ಒಬ್ಬ ಕಪ್ಪು ವಿದ್ವಾಂಸನಿದ್ದಾನಂತೆ ಎಂಬ ಸುದ್ದಿಯನ್ನು ಗಿಣಿಪಾಠವೆಂದು ತಳ್ಳಿಹಾಕಿದ. ತಾನೇ ಬಯಲು ಮಾಡಿದ ದೋಷಕ್ಕೆ ತಾನೇ ಮಾದರಿಯಾದ. ಬುದ್ಧಿ ಚುರುಕಾಗಿದ್ದರೆ ಪೂರ್ವಗ್ರಹ ಹತ್ತಿರ ಸುಳಿಯದು ಎಂದು ನಂಬಿದವರು ಈ ಅಡಿಟಿಪ್ಪಣಿಯನ್ನು ನೆನಪಿಟ್ಟುಕೊಳ್ಳಬೇಕು.

ನಮ್ಮ ದರ್ಶನಗಳಲ್ಲಿ ಇದಕ್ಕೆ ಹತ್ತಿರದ ಮಾತು ಅಧ್ಯಾಸ. ಶಂಕರಾಚಾರ್ಯರು ಬ್ರಹ್ಮಸೂತ್ರ ಭಾಷ್ಯದ ಪೀಠಿಕೆಯಲ್ಲಿ ಹೇಳುವಂತೆ, ಹಿಂದೆಲ್ಲೋ ಕಂಡದ್ದರ ನೆನಪು ಈಗ ಎದುರಿಗಿರುವ ಬೇರೊಂದರ ಮೇಲೆ ಕೂತು ತೋರುವುದೇ ಅಧ್ಯಾಸ. ಮಬ್ಬಿನಲ್ಲಿ ಹಗ್ಗ ಹಾವಾಗಿ ಕಾಣುವುದು ವೇದಾಂತಿಗಳ ಪರಿಚಿತ ಉದಾಹರಣೆ. ಆದರೆ ದೀಪ ತಂದ ಮೇಲೆ ಹಾವು ಹೋಗಿಬಿಡುತ್ತದೆ. ಸುಪ್ತ ಪೂರ್ವಗ್ರಹದ ತೊಡಕು ಬೇರೆ: ದೀಪ ತಂದು, ಹಗ್ಗವೆಂದು ಒಪ್ಪಿಕೊಂಡ ಮೇಲೂ ಕಾಲು ಹಿಂದಕ್ಕೆ ಸರಿಯುತ್ತದೆ. ‘ಮನುಷ್ಯರೆಲ್ಲ ಒಂದೇ’ ಎಂದು ಮನಸಾರೆ ನಂಬಿದವನ ಕೈ ಕೂಡ, ಕಪ್ಪು ಯುವಕ ಲಿಫ್ಟಿಗೆ ಬಂದೊಡನೆ ಪರ್ಸನ್ನು ಒತ್ತಿ ಹಿಡಿಯುತ್ತದೆ. ನಂಬಿಕೆಯದು ಒಂದು ಮಟ್ಟ, ಅಭ್ಯಾಸದ ಪ್ರತಿಕ್ರಿಯೆಯದು ಇನ್ನೊಂದು ಎಂದು ಅಮೆರಿಕದ ತತ್ತ್ವಜ್ಞಾನಿ ತಮಾರ್ ಗೆಂಡ್ಲರ್ ವಾದಿಸಿದ್ದಾರೆ. ಅವರು ಎತ್ತಿ ಹೇಳುವ ಪ್ರಸಂಗ ಇತಿಹಾಸಕಾರ ಜಾನ್ ಹೋಪ್ ಫ್ರ್ಯಾಂಕ್ಲಿನ್ ಅವರದು. 1995ರಲ್ಲಿ ಅಮೆರಿಕದ ಅಧ್ಯಕ್ಷರಿಂದ ಅತ್ಯುನ್ನತ ನಾಗರಿಕ ಪದಕ ಸ್ವೀಕರಿಸುವ ಹಿಂದಿನ ರಾತ್ರಿ, ಎಂಬತ್ತರ ಆ ಹಿರಿಯರು ವಾಷಿಂಗ್ಟನ್ನಿನ ಕಾಸ್ಮೋಸ್ ಕ್ಲಬ್ಬಿನಲ್ಲಿ ಸ್ನೇಹಿತರಿಗೆ ಊಟ ಏರ್ಪಡಿಸಿದ್ದರು. ಆ ಕ್ಲಬ್ಬಿನ ಸದಸ್ಯರೂ ಹೌದು. ಒಬ್ಬ ಬಿಳಿಯ ಮಹಿಳೆ ಅವರ ಕೈಗೆ ಚೀಟಿ ಕೊಟ್ಟು, ತನ್ನ ಕೋಟು ತಂದುಕೊಡು ಎಂದಳು. ಆಕೆ ಬಯ್ಯಲಿಲ್ಲ, ಕೆಟ್ಟದ್ದು ಬಯಸಲೂ ಇಲ್ಲ. ಕಪ್ಪು ಮುಖ ಕಂಡಿತು, ಕೆಲಸದಾಳು ಎಂದು ಕಣ್ಣೇ ಹೇಳಿತು.

ಈ ಒಳತಟ್ಟನ್ನು ಅಳೆಯಲು 1998ರಲ್ಲಿ ಆಂಥೊನಿ ಗ್ರೀನ್‌ವಾಲ್ಡ್ ಮತ್ತು ಸಂಗಡಿಗರು ಒಂದು ಪರೀಕ್ಷೆಯನ್ನು ಮುಂದಿಟ್ಟರು. ಸಿಕಂದರಾಬಾದಿನಲ್ಲಿ ಬೆಳೆದ ಮಹ್ಜರೀನ್ ಬಾನಾಜಿ ಈ ಸಂಶೋಧನೆಯ ಇನ್ನೊಂದು ದೊಡ್ಡ ಹೆಸರು. ಕಂಪ್ಯೂಟರಿನ ಪರದೆಯಲ್ಲಿ ಮುಖಗಳನ್ನೂ ಒಳ್ಳೆಯ, ಕೆಟ್ಟ ಅರ್ಥದ ಪದಗಳನ್ನೂ ಬೇಗ ಬೇಗ ವಿಂಗಡಿಸಬೇಕು; ಯಾವ ಜೋಡಿಗೆ ಬೆರಳು ತಡವರಿಸುತ್ತದೆ ಎಂಬುದನ್ನು ಯಂತ್ರ ಲೆಕ್ಕ ಇಡುತ್ತದೆ. ಇದರ ಮಿತಿಯೂ ತಿಳಿದಿರಲಿ. ಒಬ್ಬನೇ ಮನುಷ್ಯ ಇಂದು ಒಂದು ಅಂಕ, ಮುಂದಿನ ವಾರ ಇನ್ನೊಂದು ಅಂಕ ಪಡೆಯುವುದುಂಟು. ಅಂಕಕ್ಕೂ ನಡತೆಗೂ ಇರುವ ನಂಟು ಸಡಿಲ. ಹಾಗಾಗಿ ಈ ಪರೀಕ್ಷೆ ಹಿಡಿದು ಯಾರೊಬ್ಬರಿಗೂ ಕೆಟ್ಟವನೆಂಬ ಮುದ್ರೆ ಒತ್ತುವಂತಿಲ್ಲ.

‘ಅಪರಿಚಿತರನ್ನು ಕಂಡರೆ ಅಂಜಿಕೆ ಸಹಜ, ಇದು ಪ್ರಕೃತಿ’ ಎಂಬುದು ಪೂರ್ವಗ್ರಹ ತಪ್ಪು ಎಂಬ ಮಾತಿಗೆ ಬರುವ ಮೊದಲ ಆಕ್ಷೇಪ. ಇದಕ್ಕೆ ನಮ್ಮ ಸೀಮೆಯ ಇತಿಹಾಸದಲ್ಲೇ ಉತ್ತರವಿದೆ. ವಿಜಯಪುರದ ಆದಿಲಶಾಹಿ ದರ್ಬಾರಿನಲ್ಲಿ ಆಫ್ರಿಕಾ ಮೂಲದ ಹಬಶಿಗಳು ದೊಡ್ಡ ದೊಡ್ಡ ಹುದ್ದೆಯಲ್ಲಿದ್ದರು. 17ನೇ ಶತಮಾನದಲ್ಲಿ ಮಹಮ್ಮದ್ ಆದಿಲಶಾಹನ ಕಾಲಕ್ಕೆ ಆಡಳಿತದ ಚುಕ್ಕಾಣಿ ಹಿಡಿದ ಇಖ್ಲಾಸ್ ಖಾನ್ ಹಬಶಿ; ಅವನ ಚಿತ್ರಗಳು ಇಂದಿಗೂ ಉಳಿದಿವೆ. 1660ರಲ್ಲಿ ಪನ್ಹಾಳ ಕೋಟೆಗೆ ಮುತ್ತಿಗೆ ಹಾಕಿದ ಸೇನಾನಿ ಸಿದ್ದಿ ಜೌಹರ್ ಕೂಡ ಹಬಶಿ. ಅಂದಿನ ರೈತನೊಬ್ಬ ಅಂಥ ಮುಖ ಕಂಡಿದ್ದರೆ, ಬಂದವನು ಸರದಾರನಿರಬೇಕು ಎಂದುಕೊಳ್ಳುವುದಕ್ಕೆ ಕಾರಣವಿತ್ತು. ಮುಖ ಬದಲಾಗಿಲ್ಲ, ಮುಖಕ್ಕೆ ಅಂಟಿದ ಕತೆ ಬದಲಾಗಿದೆ. ಕತೆ ಬದಲಾದಂತೆ ಬದಲಾಗುವುದನ್ನು ಪ್ರಕೃತಿ ಎನ್ನಲಾಗದು.

ಯಾವಗಲ್ಲಿನಿಂದ ನರಗುಂದ, ಧಾರವಾಡ ದಾಟಿ ಹಳಿಯಾಳ, ಯಲ್ಲಾಪುರದ ಕಾಡಿನ ಕಡೆ ಹೋದರೆ ಸಿದ್ದಿಗಳ ಊರುಗಳು ಸಿಗುತ್ತವೆ. ಪೋರ್ಚುಗೀಸರು ಗುಲಾಮರನ್ನಾಗಿ ಗೋವೆಗೆ ತಂದ ಆಫ್ರಿಕನ್ನರಲ್ಲಿ ಹಲವರು ತಪ್ಪಿಸಿಕೊಂಡು ಘಟ್ಟ ಸೇರಿದರು. ಇವರು ಅವರ ಪೀಳಿಗೆ. ಶತಮಾನಗಳಿಂದ ಇಲ್ಲೇ ನೆಲೆಸಿದ ಈ ಜನರಲ್ಲಿ ಹಿಂದೂಗಳು, ಮುಸ್ಲಿಮರು, ಕ್ರೈಸ್ತರು ಇದ್ದಾರೆ. ಕನ್ನಡ, ಕೊಂಕಣಿ ಇವರ ನಾಲಿಗೆಯ ಮೇಲೆ ಇವೆ. 2003ರಲ್ಲಿ ಪರಿಶಿಷ್ಟ ಪಂಗಡದ ಮಾನ್ಯತೆ ಬಂತು. 2020ರಲ್ಲಿ ಶಾಂತಾರಾಮ ಸಿದ್ದಿ ವಿಧಾನ ಪರಿಷತ್ತಿಗೆ ನಾಮನಿರ್ದೇಶನಗೊಂಡರು. ಇಷ್ಟಾದರೂ ಸಿದ್ದಿ ಹುಡುಗನೊಬ್ಬ ಪೇಟೆಗೆ ಹೋದರೆ ‘ಯಾವ ದೇಶದಾಂವಪಾ ನೀ?’ ಎಂಬ ಪ್ರಶ್ನೆ ತಪ್ಪುವುದಿಲ್ಲ. ಅವನು ಕನ್ನಡ ಆಡಿದರೆ ಕೇಳಿದವರಿಗೆ ಬೆರಗು. ಬೈಗುಳವಲ್ಲದ ಆ ಬೆರಗೇ ಅವನನ್ನು ತನ್ನ ನಾಡಿನಲ್ಲಿ ಅತಿಥಿಯನ್ನಾಗಿ ಮಾಡುತ್ತದೆ.

ಹೊಗಳಿಕೆಯಲ್ಲೂ ಇದೇ ದೋಷ ಅಡಗಿರಬಲ್ಲದು. 1980ರ ದಶಕದಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ವಿಶೇಷ ಯೋಜನೆಯೊಂದರಡಿ ಸಿದ್ದಿ ಮಕ್ಕಳನ್ನು ಆರಿಸಿ ತರಬೇತಿ ಕೊಟ್ಟಿತು. ಅವರ ಆಫ್ರಿಕಾ ಮೂಲವೇ ಪದಕ ತಂದೀತು ಎಂಬ ನಿರೀಕ್ಷೆ ಅದರ ಹಿಂದಿತ್ತು. ಕೆಲವರು ಒಳ್ಳೆಯ ಓಟಗಾರರಾದರು, ಕೆಲವರಿಗೆ ಉದ್ಯೋಗ ಸಿಕ್ಕಿತು. ಯೋಜನೆ ಕೆಲವು ವರ್ಷಗಳಲ್ಲಿ ನಿಂತುಹೋಯಿತು. ಅವಕಾಶ ಒಳ್ಳೆಯದೇ. ಆದರೆ ಮಗು ಏನಾಗಬಯಸುತ್ತದೆ ಎಂದು ಕೇಳುವ ಮೊದಲೇ ಅದರ ಮೈ ಉತ್ತರ ಹೇಳಿಬಿಟ್ಟಿತ್ತು.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ‘ಅಂಕಿಅಂಶ ನೋಡಿ ಅನುಮಾನಪಟ್ಟರೆ ತಪ್ಪೇನು?’ ಎನ್ನುತ್ತಾರೆ. ನ್ಯೂಯಾರ್ಕಿನ ಪೊಲೀಸರು ದಾರಿಹೋಕರನ್ನು ತಡೆದು ತಪಾಸಣೆ ಮಾಡುತ್ತಿದ್ದ ಪದ್ಧತಿ ಕೋರ್ಟಿಗೆ ಹೋದಾಗ ಲೆಕ್ಕ ಹೊರಬಿತ್ತು. 2004ರಿಂದ 2012ರ ನಡುವೆ 44 ಲಕ್ಷ ಸಲ ಜನರನ್ನು ತಡೆಯಲಾಗಿತ್ತು. ಅದರಲ್ಲಿ ಶೇಕಡಾ 52 ಕಪ್ಪು ಜನರು. ನಗರದ ಜನಸಂಖ್ಯೆಯಲ್ಲಿ ಅವರ ಪಾಲು ಶೇಕಡಾ 23. ಆಯುಧ ಸಿಕ್ಕಿದ್ದು ಕಪ್ಪು ಜನರಲ್ಲಿ ನೂರಕ್ಕೆ ಒಬ್ಬರ ಬಳಿ, ಬಿಳಿಯರಲ್ಲಿ ನೂರಕ್ಕೆ 1.4 ಮಂದಿಯ ಬಳಿ. ಅನುಮಾನ ಹೆಚ್ಚು ಬಿದ್ದ ಕಡೆ ಆಯುಧ ಹೆಚ್ಚೇನೂ ಸಿಗಲಿಲ್ಲ. 2013ರ ಆಗಸ್ಟಿನಲ್ಲಿ ನ್ಯಾಯಾಧೀಶೆ ಶೈರಾ ಶೈಂಡ್ಲಿನ್ ಈ ಪದ್ಧತಿ ನಡೆದ ರೀತಿ ಸಂವಿಧಾನಬಾಹಿರ ಎಂದು ತೀರ್ಪು ಕೊಟ್ಟರು.

ಇಂಥ ಲೆಕ್ಕ ನಮ್ಮ ಗದಗ ಜಿಲ್ಲೆಗೂ ಹೊಸದಲ್ಲ. ಬ್ರಿಟಿಷರು 1871ರಲ್ಲಿ ತಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ ಕೆಲವು ಸಮುದಾಯಗಳನ್ನು ಹುಟ್ಟುಗಳ್ಳರೆಂದು ಸಾರಿತು. ಗದಗ-ಬೆಟಗೇರಿ, ಹುಬ್ಬಳ್ಳಿ, ವಿಜಯಪುರಗಳ ಸೆಟ್ಲಮೆಂಟುಗಳಲ್ಲಿ ಅಂಥ ಕುಟುಂಬಗಳನ್ನು ಕೂಡಿಹಾಕಿ ಹಾಜರಿ ತೆಗೆದುಕೊಳ್ಳುತ್ತಿದ್ದರು. ಯಾರ ಮೇಲೆ ಸದಾ ಕಣ್ಣಿಟ್ಟಿರುತ್ತಾರೋ ಅವರೇ ಸದಾ ಸಿಕ್ಕಿಬೀಳುತ್ತಾರೆ. ಸಿಕ್ಕಿಬಿದ್ದವರ ಪಟ್ಟಿ ಬೆಳೆಯುತ್ತದೆ. ಪಟ್ಟಿ ತೋರಿಸಿ ಮತ್ತೆ ಕಣ್ಣಿಡುತ್ತಾರೆ. ಅನುಮಾನವೇ ತನ್ನ ಪುರಾವೆಯನ್ನು ತಯಾರಿಸಿಕೊಳ್ಳುವ ಈ ಸುತ್ತಿನಲ್ಲಿ ಅಂಕಿಅಂಶ ಸಾಕ್ಷಿಯಾಗಲಾರದು. ಕಾಯ್ದೆ 1952ರ ಆಗಸ್ಟ್ 31ಕ್ಕೆ ರದ್ದಾಯಿತು. ಬೆಟಗೇರಿಯಲ್ಲಿ ‘ಸೆಟ್ಲಮೆಂಟ್’ ಎಂಬ ಹೆಸರು ಇನ್ನೂ ಉಳಿದಿದೆ.

ಹೊಡೆತ, ತಪಾಸಣೆ, ಅವಮಾನಗಳ ಜೊತೆಗೆ ಇನ್ನೊಂದು ಹಾನಿಯೂ ಇದೆ. ಅದನ್ನು ಬ್ರಿಟಿಷ್ ತತ್ತ್ವಜ್ಞಾನಿ ಮಿರಾಂಡ ಫ್ರಿಕರ್ 2007ರಲ್ಲಿ ಹೆಸರಿಟ್ಟು ಗುರುತಿಸಿದರು: ಹೇಳುವವನು ಯಾರೆಂದು ನೋಡಿ ಅವನ ಮಾತಿನ ತೂಕ ಇಳಿಸುವುದು ಸಾಕ್ಷ್ಯದ ಅನ್ಯಾಯ. ‘ನಾನಲ್ಲ, ನನಗೇನೂ ಗೊತ್ತಿಲ್ಲ’ ಎಂದ ಟಾಂಜಾನಿಯಾದವಳ ಮಾತು ಗುಂಪಿನ ಕಿವಿಗೆ ಮಾತಾಗಿಯೇ ಬೀಳುವುದಿಲ್ಲ. ಭಾರತದ ನೈಯಾಯಿಕರು ಈ ವಿಷಯದಲ್ಲಿ ಬಹು ಹಿಂದೆಯೇ ಎಚ್ಚರ ತೋರಿದ್ದರು. ಯಾರ ಮಾತು ಪ್ರಮಾಣ ಎಂಬ ಪ್ರಶ್ನೆಗೆ ನ್ಯಾಯಭಾಷ್ಯದ ವಾತ್ಸ್ಯಾಯನನ ಉತ್ತರ: ವಿಷಯವನ್ನು ನೇರವಾಗಿ ಬಲ್ಲವನು, ಕಂಡದ್ದನ್ನು ಕಂಡಂತೆ ಹೇಳಬಯಸುವವನು ಆಪ್ತ. ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಅವನು ಸೇರಿಸಿದ. ಮಾತಿನ ತೂಕ ಕುಲದಿಂದ ಬರುವುದಿಲ್ಲ ಎಂಬ ತತ್ತ್ವಕ್ಕೆ ನಾವು ಪರದೇಶದ ಕಡೆ ನೋಡಬೇಕಾಗಿಲ್ಲ.

ಇನ್ನು ಹೊಣೆಯ ಪ್ರಶ್ನೆ. ಯಾರೂ ಪೂರ್ವಗ್ರಹವನ್ನು ಅರ್ಜಿ ಹಾಕಿ ಪಡೆದಿಲ್ಲ. ಆದ್ದರಿಂದ ಅದು ಒಳಗಿದೆ ಎಂಬ ಕಾರಣಕ್ಕೇ ಯಾರನ್ನೂ ದೂರಬೇಕಿಲ್ಲ. ಆದರೆ ಇದೆ ಎಂದು ತಿಳಿದ ಮೇಲೆ ಸುಮ್ಮನಿರುವುದು ನಮ್ಮದೇ ಆಯ್ಕೆ. ಮನಸ್ಸನ್ನು ತೊಳೆದುಕೊಳ್ಳುತ್ತೇನೆಂಬ ಸಂಕಲ್ಪ ಇದಕ್ಕೆ ಸಾಲದು, ಏಕೆಂದರೆ ದೋಷ ಮನಸ್ಸಿಗೆ ಕಾಣುವ ಜಾಗದಲ್ಲಿಲ್ಲ. ನಿಯಮ ಬೇಕು. ಮನೆ ಬಾಡಿಗೆಗೆ ಕೊಡುವವರು ಯಾವ ಕಾಗದಪತ್ರ ಕೇಳಬೇಕೆಂದು ಬಾಡಿಗೆದಾರನ ಮುಖ ನೋಡುವ ಮೊದಲೇ ಬರೆದಿಡಲಿ, ಎಲ್ಲರಿಗೂ ಅದನ್ನೇ ಕೇಳಲಿ. ಪೊಲೀಸರು ಯಾರನ್ನು ಏಕೆ ತಡೆದರೆಂದು ದಾಖಲಿಸಲಿ. ಸುದ್ದಿಗೆ ಸಂಬಂಧವಿಲ್ಲದಿದ್ದರೆ ಪತ್ರಿಕೆ ಆರೋಪಿಯ ದೇಶವನ್ನು ತಲೆಬರಹದಲ್ಲಿ ಹಾಕದಿರಲಿ. ಶಾಲೆಯ ಇತಿಹಾಸ ಪಾಠದಲ್ಲಿ ಇಖ್ಲಾಸ್ ಖಾನನೂ ಹಳಿಯಾಳದ ಸಿದ್ದಿಗಳೂ ಬರಲಿ.

‘ನಮ್ಮ ಮನಸ್ಸಿನಲ್ಲಿ ಕೆಟ್ಟದ್ದೇನೂ ಇಲ್ಲ’ ಎನ್ನುವುದು ನಮ್ಮ ಬಗ್ಗೆ ನಾವೇ ಹೇಳಿಕೊಳ್ಳುವ ಸಾಕ್ಷಿ. ಈ ಮೊಕದ್ದಮೆಯಲ್ಲಿ ಅದು ನಡೆಯುವುದಿಲ್ಲ. ನಮ್ಮಿಂದ ಏನಾಯಿತು ಎಂಬುದನ್ನು ಅನುಭವಿಸಿದವರ ಬಾಯಿಂದ ಕೇಳೋಣ. ಅವರು ಹೇಳಿ ಮುಗಿಸುವವರೆಗೆ ನಡುವೆ ಬಾಯಿ ಹಾಕದಿರೋಣ.