ಸವೆದ ಬೆಡ್ಡನ್ನು ಏನು ಮಾಡೋಣ?

ಬೆಂಗಳೂರಿನ ಗೊರಗುಂಟೆಪಾಳ್ಯದಿಂದ ಪೀಣ್ಯದತ್ತ ಹರಡಿಕೊಂಡ ಶೆಡ್ಡುಗಳಲ್ಲಿ ಹಳೆಯ ಎಚ್‌ಎಂಟಿ ಲೇತುಗಳು ಇನ್ನೂ ತಿರುಗುತ್ತಿವೆ. ಅವುಗಳ ತವರಾದ ಜಾಲಹಳ್ಳಿ ದೂರವೇನಲ್ಲ. ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿಯ ನೆರವಿನಿಂದ 1953ರಲ್ಲಿ ಅಲ್ಲಿ ಶುರುವಾದ ಸಂಸ್ಥೆ ಮುಂದೆ ದೇಶದ ಕೈಗೆ ಗಡಿಯಾರವನ್ನೂ ಕಟ್ಟಿತು. 2016ರಲ್ಲಿ ಅದರ ವಾಚ್ ಕಂಪನಿಯನ್ನು ಮುಚ್ಚಲು ಕೇಂದ್ರ ಸಂಪುಟ ತೀರ್ಮಾನಿಸಿತು. 2019ರಲ್ಲಿ ಜಾಲಹಳ್ಳಿಯಲ್ಲೇ ಎಚ್‌ಎಂಟಿ ಪರಂಪರೆಯ ಮ್ಯೂಸಿಯಂ ತೆರೆಯಿತು. ಅತ್ತ ನೋಡಲು ಇಟ್ಟ ವಸ್ತುಗಳು, ಇತ್ತ ದುಡಿಯುವ ಯಂತ್ರಗಳು. ಜೀರ್ಣೋದ್ಧಾರ ಎಂಬ ಮಾತು ಇವೆರಡರಲ್ಲಿ ಯಾವುದಕ್ಕೆ ಸಲ್ಲಬೇಕು?

ಶಿಲ್ಪದ ಮೂಗು ಮುರಿದಿದ್ದರೆ ಹಾಗೇ ಬಿಡಬಹುದು. ಅದು ಶಿಲ್ಪವಾಗಿಯೇ ಉಳಿಯುತ್ತದೆ. ಲೇತಿಗೆ ಆ ರಿಯಾಯಿತಿ ಇಲ್ಲ. ಅದರ ಜೀವ ಇರುವುದು ಮಿಲಿಮೀಟರಿನ ನೂರನೇ ಒಂದು ಭಾಗದಲ್ಲಿ. ಉಳಿ ಹೊತ್ತ ಸ್ಯಾಡಲ್ ದಿನವಿಡೀ ಓಡಾಡುವುದು ಹೆಚ್ಚಾಗಿ ಜಾಬನ್ನು ಹಿಡಿದು ತಿರುಗಿಸುವ ಚಕ್ಕಿನ ಹತ್ತಿರ. ಹಾಗಾಗಿ ಸ್ಯಾಡಲ್ ಜಾರುವ ಹಳಿಯಾದ ಬೆಡ್ಡು ಅಲ್ಲೇ ಹೆಚ್ಚು ಸವೆಯುತ್ತದೆ, ನೇರವಾಗಿ ಬರಬೇಕಾದ ಶಾಫ್ಟು ಟೇಪರ್ ಬರುತ್ತದೆ. ರೀಕಂಡೀಷನ್ ಮಾಡುವವರು ಬೆಡ್ಡನ್ನು ಗ್ರೈಂಡಿಂಗಿಗೆ ಹಾಕುತ್ತಾರೆ. ಬೆಡ್ಡು ತಗ್ಗಿದಷ್ಟೂ ಸ್ಯಾಡಲ್ ಕೆಳಗಿಳಿದು ಲೀಡ್ ಸ್ಕ್ರೂ ಜೊತೆಗಿನ ಹೊಂದಾಣಿಕೆ ತಪ್ಪುತ್ತದೆ. ಅದನ್ನು ಸರಿದೂಗಿಸಲು ಸ್ಯಾಡಲ್ಲಿನ ತಳಕ್ಕೆ ಟರ್ಸೈಟ್ ಎಂಬ ಪ್ಲಾಸ್ಟಿಕ್ ಹಾಳೆ ಅಂಟಿಸುತ್ತಾರೆ. ಆಮೇಲೆ ಉಬ್ಬು ತೋರಿಸುವ ನೀಲಿ ಬಣ್ಣ ಸವರಿ, ಉಜ್ಜಿ ನೋಡಿ, ನೀಲಿ ಹತ್ತಿದ ಉಬ್ಬುಗಳನ್ನಷ್ಟೇ ಸ್ಕ್ರೇಪರಿನಿಂದ ಕೆರೆಯುವುದು; ಮತ್ತೆ ನೀಲಿ, ಮತ್ತೆ ಕೆರೆತ.

ಗ್ರೈಂಡಿಂಗಿನಲ್ಲಿ ಹೋಗುವುದು ಬರೀ ಕಬ್ಬಿಣವಲ್ಲ ಎಂದು ವಾದಿಸಬಹುದು. ಆ ತಗ್ಗು, ಲೇತಿನ ಮುಂದೆ ವರ್ಷಗಟ್ಟಲೆ ನಿಂತವನ ದುಡಿಮೆಯ ಗುರುತು. ಬೆಂಗಳೂರಿನ ಸಾರ್ವಜನಿಕ ಉದ್ಯಮಗಳ ಕಾರ್ಮಿಕರು 1980–81ರಲ್ಲಿ 77 ದಿನ ಮುಷ್ಕರ ಹೂಡಿದರು, ಎಚ್‌ಎಂಟಿಯವರೂ ಅದರಲ್ಲಿದ್ದರು. ಇಂಥವರ ಹೆಸರು ಯಾವ ನೇಮ್‌ಪ್ಲೇಟಿನಲ್ಲೂ ಇರುವುದಿಲ್ಲ. ಇದ್ದರೆ ಆ ಸವೆತದಲ್ಲೇ. ಅದನ್ನೂ ಅಳಿಸಿ ಪರಂಪರೆ ಎನ್ನುವುದು ಹೇಗೆ?

ವಾದ ಸೊಗಸಾಗಿದೆ, ಆದರೆ ನಾನು ಒಪ್ಪಲಾರೆ. ಸವೆತ ಆ ಕೆಲಸಗಾರನಿಗೆ ಬೇಕಾಗಿದ್ದ ಸ್ಮಾರಕವಲ್ಲ. ಚೂರು ಗುಡಿಸಿ, ಬೆಡ್ಡು ಒರೆಸಿ, ಎಣ್ಣೆ ಹಾಕಿ ಅವನು ದಿನವೂ ಹೋರಾಡಿದ್ದು ಅದರ ವಿರುದ್ಧವೇ. ತಗ್ಗಿನಲ್ಲಿ ಕಾವ್ಯ ಕಾಣುವುದು ನೋಡುಗನ ಚಪಲ. ಯಂತ್ರ ಎಂದೂ ನಡೆಸದವರಿಗೆ ಅದು ಸುಲಭ. ಅವನು ಕಾಪಾಡಲು ಹೆಣಗಿದ್ದು ನಿಖರತೆಯನ್ನು. ಅದನ್ನು ಮರಳಿಸುವುದೇ ಅವನಿಗೆ ಸಲ್ಲುವ ಗೌರವ. ಒಂದೆರಡು ಬೆಡ್ಡುಗಳನ್ನು ಮುಟ್ಟದೆ, ಸವೆತವನ್ನು ಅಳೆದು ದಾಖಲಿಸಿ ಇಡೋಣ, ಇತಿಹಾಸಕಾರರಿಗೆ ಅಷ್ಟು ಸಾಕು.

ಇನ್ನು ಸ್ಕ್ರೇಪಿಂಗ್ ಮಾಡುವ ಕೈ. ಕೈಗಾರಿಕಾ ಪರಂಪರೆಯ ಕುರಿತ 2003ರ ನಿಝ್ನಿ ತಾಗಿಲ್ ಸನ್ನದು, ಹಳೆಯ ಪ್ರಕ್ರಿಯೆಗಳ ಕೌಶಲವನ್ನು ದಾಖಲಿಸಿ ಎಳೆಯರಿಗೆ ದಾಟಿಸಬೇಕೆಂದು ಸ್ಪಷ್ಟವಾಗಿ ಹೇಳುತ್ತದೆ. ನಾವಾದರೋ ಪರಂಪರೆಯೆಂದ ಕೂಡಲೇ ಕಟ್ಟಡ, ಗಾಜಿನ ಪೆಟ್ಟಿಗೆ, ದೀಪಾಲಂಕಾರದ ಟೆಂಡರ್ ಎಂದು ಯೋಚಿಸುತ್ತೇವೆ. ಸ್ಕ್ರೇಪಿಂಗ್ ಸತ್ತ ವಿದ್ಯೆಯೂ ಅಲ್ಲ. ಅತಿ ನಿಖರ ಯಂತ್ರ ಕಟ್ಟುವವರು ಇಂದಿಗೂ ಅದನ್ನು ನೆಚ್ಚುತ್ತಾರೆ. ಈ ಶೆಡ್ಡುಗಳ ಸನಿಹದ ತುಮಕೂರು ರಸ್ತೆಯಲ್ಲಿರುವ ತಯಾರಿಕಾ ತಂತ್ರಜ್ಞಾನ ಸಂಸ್ಥೆ ಸಿಎಂಟಿಐನಲ್ಲಿ ನ್ಯಾನೊಮೀಟರ್ ಮಟ್ಟದ ತಯಾರಿಕೆಯ ಸಂಶೋಧನೆ ನಡೆಯುತ್ತದೆ. ಅದರ ಆಸುಪಾಸಿನಲ್ಲೇ ಒಬ್ಬ ಹಿರಿಯ ಸ್ಕ್ರೇಪಿಂಗ್ ಕೆಲಸಗಾರನಿಗೆ ಸಂಬಳ, ಇಬ್ಬರು ಹುಡುಗರಿಗೆ ಸ್ಟೈಪೆಂಡ್ ಕೊಟ್ಟು ಕೂರಿಸುವುದು ದೊಡ್ಡ ಖರ್ಚೇನಲ್ಲ.

ಶೆಡ್ಡಿನ ಮಾಲೀಕ ನಕ್ಕಾನು. ಬಾಡಿಗೆ, ಕರೆಂಟ್ ಬಿಲ್ಲು, ಕಂತು ಕಟ್ಟುವವನಿಗೆ ಲೇತು ಪರಂಪರೆಯಲ್ಲ, ಅನ್ನ. ಕಂಪ್ಯೂಟರ್ ನಡೆಸುವ ಸಿಎನ್‌ಸಿ ಯಂತ್ರ ಬಂದ ದಿನ ಅದನ್ನು ತೂಕಕ್ಕೆ ಗುಜರಿಗೆ ಹಾಕಲು ಅವನು ಹಿಂದೆಮುಂದೆ ನೋಡಲಾರ, ನೋಡೆಂದು ಹೇಳುವ ಅಧಿಕಾರ ನಮಗೂ ಇಲ್ಲ. ಅವನನ್ನು ತಡೆದು ನಿಲ್ಲಿಸಬಲ್ಲ ಮಾತು ಒಂದೇ: ರೀಕಂಡೀಷನ್ ಖರ್ಚಿನಲ್ಲಿ ಪಾಲು, ಜೊತೆಗೆ ಲೇತು ಬಿಚ್ಚಿಟ್ಟ ಅಷ್ಟೂ ದಿನ ತಪ್ಪುವ ಜಾಬಿಗೆ ಪರಿಹಾರ. ಮ್ಯೂಸಿಯಂಗಳ ಬಜೆಟ್ಟಿನಲ್ಲಿ ಆ ಬಾಬ್ತು ಸೇರಬೇಕು.