ತೊಗಲಿನ ಒಳಮೈ

ಸಾಹಿತ್ಯ ಸಮ್ಮೇಳನವೆಂದರೆ ಮೆರವಣಿಗೆ. ಮೆರವಣಿಗೆಯೆಂದರೆ ಹಲಗೆಯ ಸದ್ದು. ಗಡಿಯಾಚೆಗಿನ ನಮ್ಮ ಊರುಗಳಲ್ಲಿಯೂ ಈ ಕ್ರಮ ತಪ್ಪಿಲ್ಲ. ತಾಯಿ ಭುವನೇಶ್ವರಿಯ ಭಾವಚಿತ್ರದ ಮುಂದೆ ಹಲಗೆ ಮೊಳಗಿದಾಗ ನಮ್ಮೆಲ್ಲರ ಎದೆ ತುಂಬಿ ಬರುತ್ತದೆ. ಸಭಾಮಂಟಪ ಬಂದೊಡನೆ ನಾವು ಮೆಟ್ಟುಗಳನ್ನು ಹೊರಗೆ ಬಿಟ್ಟು ಒಳಗೆ ಹೋಗುತ್ತೇವೆ. ಹಲಗೆ ಬಾರಿಸಿದವರು ಎಲ್ಲಿ ಕುಳಿತರೆಂದು ನಮ್ಮಲ್ಲಿ ಎಷ್ಟು ಮಂದಿ ಹೊರಳಿ ನೋಡಿದ್ದೇವೆ? ಹಲಗೆಗೆ ಬಿಗಿದದ್ದೂ ತೊಗಲು, ಬಾಗಿಲಲ್ಲಿ ಕಳಚಿಟ್ಟದ್ದೂ ತೊಗಲು. ಆ ತೊಗಲನ್ನು ಹದಕ್ಕೆ ತಂದ ಕೈಗಳ ವಿಷಯದಲ್ಲಿ ತಲೆತಲಾಂತರದಿಂದ ನಾವು ಹೊತ್ತು ತಂದಿರುವ ಒಂದು ತೀರ್ಮಾನವಿದೆ. ಅದನ್ನು ಇಲ್ಲಿ ಒರೆಗೆ ಹಚ್ಚಬೇಕೆಂದು ನಮ್ಮ ಇಚ್ಛೆ. ಪ್ರಶ್ನೆ ಇಷ್ಟೆ: ಕೊಳೆ ಎಂಬುದು ಇರುವುದು ವಸ್ತುವಿನಲ್ಲೋ, ಕೆಲಸದಲ್ಲೋ, ಮನುಷ್ಯನಲ್ಲೋ?

ನಮ್ಮ ಊರಿನ ನಡವಳಿಕೆಯನ್ನು ನಾವೇ ತೂಗಹೊರಟರೆ ತಕ್ಕಡಿ ನಮ್ಮ ಕಡೆಗೇ ವಾಲುತ್ತದೆ. ಆದ್ದರಿಂದ ಮೊದಲು, ನಮ್ಮ ಜಾತಿಗಳ ಹೆಸರನ್ನೇ ಕೇಳದ ದೂರದ ನಾಡೊಂದರಲ್ಲಿ ಇದೇ ಕೆಲಸ ಹೇಗೆ ನಡೆಯುತ್ತದೆಂಬುದನ್ನು ನೋಡೋಣ. ಉತ್ತರ ಅಮೆರಿಕದಲ್ಲಿ ಕಯೋಟಿ ಎಂಬ ಕಾಡುಪ್ರಾಣಿಯಿದೆ. ತೋಳನ ಕುಲದ್ದು, ತೋಳನಿಗಿಂತ ಚಿಕ್ಕದು, ನಮ್ಮ ಗುಳ್ಳೆನರಿಯನ್ನು ನೆನಪಿಗೆ ತರುವಂಥದು. ಚಳಿಗಾಲದಲ್ಲಿ ಅದರ ತುಪ್ಪಳ ದಟ್ಟವಾದಾಗ ಅಲ್ಲಿಯ ಬೇಟೆಗಾರರು ಗುಂಡು ಹೊಡೆದೋ ಬಲೆಯೊಡ್ಡಿಯೋ ಅದನ್ನು ಹಿಡಿಯುತ್ತಾರೆ. ಹಿಂಗಾಲುಗಳ ಒಳಬದಿಯನ್ನು ಸೀಳಿ, ಅಂಗಿಯನ್ನು ತಲೆಯ ಮೇಲಿನಿಂದ ಕಳಚುವ ರೀತಿಯಲ್ಲಿ ತೊಗಲನ್ನು ಇಡಿಯಾಗಿ ಚೀಲದಂತೆ ಸುಲಿದು ತೆಗೆಯುತ್ತಾರೆ. ನಿಜವಾದ ಶ್ರಮ ಅಲ್ಲಿಂದಾಚೆಗಿನದು. ಸುಲಿದ ತೊಗಲಿನ ಒಳಮೈಗೆ ಕೊಬ್ಬು, ಮಾಂಸದ ಚೂರು, ತೆಳುವಾದ ಪೊರೆ ಅಂಟಿಕೊಂಡಿರುತ್ತವೆ. ಓರೆಯಾಗಿ ನಿಲ್ಲಿಸಿದ ದುಂಡುಬೆನ್ನಿನ ಮರದ ತೊಲೆಗೆ ತೊಗಲನ್ನು ತೊಡಿಸಿ, ತನ್ನ ಹೊಟ್ಟೆಯಿಂದ ಅದನ್ನು ತೊಲೆಯ ತುದಿಗೆ ಒತ್ತಿಹಿಡಿದು, ಎರಡು ಹಿಡಿಗಳ ಕತ್ತಿಯಿಂದ ಅದೆಲ್ಲವನ್ನೂ ಹೆರೆಯಬೇಕು. ಕೈ ಮಿತಿಮೀರಿ ಒತ್ತಿದರೆ ಕೂದಲಿನ ಬುಡವೇ ಕತ್ತರಿಸಿಹೋಗುತ್ತದೆ. ಹಿಂಜರಿದರೆ ಉಳಿದ ಮಾಂಸ ಕೊಳೆತು ತುಪ್ಪಳ ಕಂತೆಕಂತೆಯಾಗಿ ಕಳಚಿ ಬೀಳುತ್ತದೆ. ಕಂಕುಳಲ್ಲಿ, ಕಿವಿಯ ಬುಡದಲ್ಲಿ, ತುಟಿಯ ಅಂಚಿನಲ್ಲಿ ಇನ್ನೂ ಎಚ್ಚರ ಬೇಕು. ಬಳಿಕ ತೊಳೆದು, ಒಳಮೈ ಹೊರಗಿರುವಂತೆ ಚೌಕಟ್ಟಿಗೆ ಏರಿಸಿ, ತುಸು ಆರಿದ ಮೇಲೆ ತಿರುವಿ ತುಪ್ಪಳ ಹೊರಗೆ ಬರುವಂತೆ ಒಣಗಿಸುತ್ತಾರೆ.

ಇದು ನಾರುವ, ಜಿಡ್ಡು ಹತ್ತುವ, ಬೆನ್ನು ಮುರಿಯುವ ಕೆಲಸ. ಇದನ್ನು ಮಾಡುವವನು ಅಲ್ಲಿ ರೈತನಿರಬಹುದು, ಶಾಲೆಯ ಮಾಸ್ತರನಿರಬಹುದು. ಸಂಜೆ ಕೈತೊಳೆದು ಮನೆಮಂದಿಯ ಜೊತೆ ಊಟಕ್ಕೆ ಕೂರುತ್ತಾನೆ. ಭಾನುವಾರ ಚರ್ಚಿನಲ್ಲಿ ನೆರೆಯವರ ಸಾಲಿನಲ್ಲಿಯೇ ಕುಳಿತುಕೊಳ್ಳುತ್ತಾನೆ. ತುಪ್ಪಳಕ್ಕಾಗಿ ಒಂದು ಜೀವವನ್ನು ಕೊಲ್ಲುವುದು ಸರಿಯೇ ಎಂದು ಅವನನ್ನು ಕೇಳುವವರು ಆ ನಾಡಿನಲ್ಲಿಯೂ ಇದ್ದಾರೆ. ಆದರೆ ಅವನು ತೊಗಲು ಹೆರೆದನೆಂಬ ಕಾರಣಕ್ಕೆ ಅವನ ಮಗನನ್ನು ನೀರಿನ ಬಳಿ ತಡೆಯುವವರಿಲ್ಲ.

ಈಗ ನಮ್ಮ ಸೀಮೆಗೆ ಬರೋಣ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತದಿಂದ ಅಥಣಿ, ನಿಪ್ಪಾಣಿಯವರೆಗೆ ಹಬ್ಬಿರುವ ಈ ನೆಲದಲ್ಲಿ ಎಮ್ಮೆಯ ತೊಗಲನ್ನು ಹದಮಾಡುವ ವಿದ್ಯೆ ಬಹಳ ಹಳೆಯದು. ಸತ್ತ ಎಮ್ಮೆಯ ತೊಗಲನ್ನು ಸುಲಿದು, ಸುಣ್ಣದ ನೀರಿನಲ್ಲಿ ಕೆಲವು ದಿನ ನೆನೆಹಾಕುತ್ತಿದ್ದರು. ಕೂದಲು ಸಡಿಲವಾದ ಮೇಲೆ ಅದನ್ನು ಹೆರೆದು, ತೊಗಲನ್ನು ಮಗುಚಿ ಒಳಮೈಯ ಮಾಂಸವನ್ನೂ ಹೆರೆದು, ಸುಣ್ಣ ಬಿಡುವವರೆಗೆ ತೊಳೆಯುತ್ತಿದ್ದರು. ಆಮೇಲೆ ತೊಗಲನ್ನೇ ಚೀಲವಾಗಿ ಹೊಲಿದು ತೂಗುಹಾಕಿ, ಜಾಲಿಯ ತೊಗಟೆ ಮತ್ತು ಅಳಲೆಕಾಯಿಯ ಒಗರು ನೀರನ್ನು ಅದರೊಳಗೆ ತುಂಬುತ್ತಿದ್ದರು. ದಕ್ಷಿಣದ ಕಡೆ ಇದೇ ಕೆಲಸಕ್ಕೆ ತಂಗಡಿಯ ತೊಗಟೆ ಬಳಕೆಯಲ್ಲಿತ್ತು. ತೊಗಲಿಗೆ ಮೂರು ಪದರಗಳುಂಟು: ಮೇಲೆ ಕೂದಲಿನ ಪದರ, ಕೆಳಗೆ ಮಾಂಸಕ್ಕೆ ಹತ್ತಿದ ಪದರ, ನಡುವೆ ನಾರುನಾರಾಗಿ ಹೆಣೆದ ಗಟ್ಟಿ ಪದರ. ಮೊದಲಿನೆರಡನ್ನು ಹೆರೆದು ಕಳೆದರೆ ಉಳಿಯುವ ನಡುಪದರವೇ ಚರ್ಮ. ತೊಗಟೆಯ ಒಗರು ಆ ನಾರುಗಳನ್ನು ಹಿಡಿದು ಬಿಗಿಯುತ್ತದೆ. ಆ ಮೇಲೆ ಅದು ಸುಲಭವಾಗಿ ಕೊಳೆಯದು.

ಈ ಕ್ರಿಯೆಗೆ ಕನ್ನಡ ಇಟ್ಟ ಹೆಸರು ‘ಹದಮಾಡುವುದು’. ಬಿತ್ತನೆಗೆ ಒದಗಿದ ನೆಲಕ್ಕೆ, ಪಾಕಕ್ಕೆ ಬಂದ ಬೆಲ್ಲಕ್ಕೆ, ಬೆಂದ ಅನ್ನಕ್ಕೆ ನಾವು ಹೇಳುವ ಮಾತು ಅದೇ. ನಮ್ಮ ಭಾಷೆ ಒಕ್ಕಲಿಗನನ್ನೂ ಅಡುಗೆಯವಳನ್ನೂ ಚರ್ಮ ಹದಮಾಡುವವನನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿತು. ಭಾಷೆ ಮಾಡಿದ್ದನ್ನು ಸಮಾಜ ಮಾಡಲಿಲ್ಲ. ಹದಕ್ಕೆ ಬಂದ ಚರ್ಮವನ್ನು ಒಳಗೆ ಕರೆದುಕೊಂಡಿತು, ಹದಕ್ಕೆ ತಂದವನನ್ನು ಊರ ಹೊರಗೆ ನಿಲ್ಲಿಸಿತು.

ಎರಡು ನಾಡುಗಳ ಈ ಎರಡು ದೃಶ್ಯಗಳನ್ನು ಒತ್ತಟ್ಟಿಗೆ ಇಟ್ಟು ನೋಡಿದರೆ, ಅದೇ ಕೊಬ್ಬು, ಅದೇ ವಾಸನೆ, ಅದೇ ಬಾಗಿದ ಬೆನ್ನು. ಕೊಳೆ ಕೆಲಸದಲ್ಲಿಯೇ ಇದ್ದಿದ್ದರೆ ಎರಡು ಕಡೆಗಳಲ್ಲಿಯೂ ಮನುಷ್ಯನಿಗೆ ಒಂದೇ ಸಮನಾಗಿ ಹತ್ತಬೇಕಾಗಿತ್ತು. ಹತ್ತಲಿಲ್ಲ. ಅಲ್ಲಿ ಅದು ಸಂಜೆಯ ನೀರಿನಲ್ಲಿ ತೊಳೆದುಹೋಯಿತು. ಇಲ್ಲಿ ಏಳು ತಲೆಮಾರಾದರೂ ಹೋಗಲಿಲ್ಲ. ನೀರಿನಿಂದ ಹೋಗದ್ದು ಕೊಳೆಯಾಗಿರಲಾರದು. ಅದು ನೋಡುವವರ ಮನಸ್ಸಿನಲ್ಲಿ ಇದ್ದದ್ದು, ನೋಡಿಸಿಕೊಂಡವರ ಮೈಗೆ ಬಳಿದದ್ದು.

ಹೇಸಿಕೆ ಸಹಜವಲ್ಲವೇ ಎಂದು ಕೆಲವರು ಕೇಳಬಹುದು. ಸಹಜವೇ. ಹಸಿತೊಗಲಿನ ವಾಸನೆಗೆ ಮೂಗು ಮುಚ್ಚಿಕೊಂಡವರನ್ನು ನಾವು ತಪ್ಪುಗಾರರೆನ್ನುವುದಿಲ್ಲ. ಆದರೆ ಮೂಗಿನ ಹೇಸಿಕೆಗೆ ಒಂದು ಗಡಿಯುಂಟು: ವಾಸನೆ ಹೋದೊಡನೆ ಅದೂ ಹೋಗಬೇಕು. ಹಸುಗೂಸಿನ ಮಲವನ್ನು ತೊಳೆದ ತಾಯಿ ಕೈತೊಳೆದು ಬಂದು ನಮಗೆ ಉಣಬಡಿಸುತ್ತಾಳೆ. ಹೊಟ್ಟೆಯನ್ನು ಸೀಳಿ ಕೀವು ತೆಗೆದ ವೈದ್ಯರನ್ನು ನಾವು ಕೈಮುಗಿದು ಬರಮಾಡಿಕೊಳ್ಳುತ್ತೇವೆ. ಅಲ್ಲೆಲ್ಲ ಕೊಳೆಯನ್ನು ಮುಟ್ಟಿದ ಕೈ ಕೊಳೆಯಲ್ಲವೆಂಬುದು ನಮಗೆ ಚೆನ್ನಾಗಿ ಗೊತ್ತು. ಆ ತಿಳಿವಳಿಕೆ ತೊಗಲಿನ ಬಳಿ ಬಂದಾಗ ಮಾತ್ರ ತಪ್ಪಿಹೋಗುವುದು ಮೂಗಿನ ದೋಷವಲ್ಲ.

ಇದು ಅಹಿಂಸೆಯಿಂದ ಹುಟ್ಟಿದ ದೂರ ಎಂಬ ಸಮಾಧಾನವನ್ನೂ ನಾವು ಕೇಳಿದ್ದೇವೆ. ಅದು ನಿಲ್ಲುವ ಮಾತಲ್ಲ. ಕಯೋಟಿಯ ಬೇಟೆಗಾರ ತಾನೇ ಕೊಂದು ತಾನೇ ಸುಲಿಯುತ್ತಾನೆ. ನಮ್ಮ ಊರಿನ ಮನುಷ್ಯ ಕೊಂದವನಲ್ಲ. ನಮ್ಮ ಕೊಟ್ಟಿಗೆಯಲ್ಲಿ ತಾನಾಗಿ ಸತ್ತ ಎಮ್ಮೆಯನ್ನು, ನಾವೇ ಹೇಳಿಕಳುಹಿಸಿದಾಗ ಬಂದು ಎಳೆದೊಯ್ದವನು. ಹಾಲು ಕುಡಿದವರು ನಾವು, ದುಡಿಸಿಕೊಂಡವರು ನಾವು, ಸತ್ತಾಗ ಮುಟ್ಟಲಾರೆವೆಂದವರೂ ನಾವು. ಪ್ರಾಣಿಯ ಋಣವೆಂಬುದು ಇದ್ದರೆ ಅದರ ಕೊನೆಯ ಕಂತನ್ನು ನಮ್ಮ ಪರವಾಗಿ ತೀರಿಸಿದವನು ಅವನೇ.

ಈ ಸತ್ಯವನ್ನು ಕನ್ನಡ ನಾಡು ಕಾಣದೆ ಇರಲಿಲ್ಲ. 12ನೆಯ ಶತಮಾನದ ಕಲ್ಯಾಣದಲ್ಲಿ ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಸಮಗಾರ ಹರಳಯ್ಯ ಇವರು ಶರಣರ ಗಣದಲ್ಲಿ ಪೂಜ್ಯರಾಗಿದ್ದರು. ಬಸವಣ್ಣನವರು ತಮ್ಮ ವಚನಗಳಲ್ಲಿ ಚೆನ್ನಯ್ಯ, ಕಕ್ಕಯ್ಯರೊಡನೆ ನಂಟು ಹೇಳಿಕೊಂಡರು. ಹರಳಯ್ಯನವರೂ ಅವರ ಪತ್ನಿ ಕಲ್ಯಾಣಮ್ಮನವರೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಪಾದರಕ್ಷೆ ಹೊಲಿದುಕೊಟ್ಟರೆಂಬ ಐತಿಹ್ಯವನ್ನು ನಮ್ಮ ಮನೆಗಳಲ್ಲಿ ಮಕ್ಕಳಿಗೆ ಇಂದಿಗೂ ಹೇಳುತ್ತೇವೆ. ಭಕ್ತಿಯ ಪರಾಕಾಷ್ಠೆಯೆಂದು ಹೇಳಿ ಅಲ್ಲಿಗೆ ನಿಲ್ಲಿಸುತ್ತೇವೆ. ಆದರೆ ಆ ಕಥೆಯಲ್ಲಿ ಇನ್ನೊಂದು ಮಾತು ಅಡಗಿದೆಯೆಂದು ನಮಗೆ ತೋರುತ್ತದೆ. ಸುಲಿದಿಟ್ಟರೆ ಮನುಷ್ಯನ ತೊಗಲೂ ಎಮ್ಮೆಯ ತೊಗಲೂ ಒಂದೇ ಬಗೆಯಲ್ಲಿ ಹದಗೊಳ್ಳುತ್ತವೆ. ಶರಣನ ತೊಗಲಿಗೂ ಅರಸನ ತೊಗಲಿಗೂ ಒಳಮೈ ಒಂದೇ. ಆ ಪಾದರಕ್ಷೆಗಳನ್ನು ಬಸವಣ್ಣನವರು ಮೆಟ್ಟಲಿಲ್ಲ, ತಲೆಯ ಮೇಲೆ ಹೊತ್ತರು ಎಂದು ಕಥೆ ಹೇಳುತ್ತದೆ. ಹರಳಯ್ಯನವರ ಮಗನಿಗೂ ಬ್ರಾಹ್ಮಣ ಕುಲದಲ್ಲಿ ಹುಟ್ಟಿದ ಮಧುವರಸರ ಮಗಳಿಗೂ ಮದುವೆಯಾದಾಗ ಇಬ್ಬರು ತಂದೆಯರೂ ಪ್ರಾಣ ತೆರಬೇಕಾಯಿತು. ಪಾದರಕ್ಷೆಯನ್ನು ತಲೆಯ ಮೇಲೆ ಹೊತ್ತದ್ದನ್ನು ಊರು ಸಹಿಸಿಕೊಂಡಿತು. ಹೊಲಿದವನ ಮಗ ಮನೆಯ ಅಳಿಯನಾದದ್ದನ್ನು ಸಹಿಸಲಿಲ್ಲ.

ಇಲ್ಲಿ ನಮ್ಮನ್ನು ನಾವೇ ಎಚ್ಚರಿಸಿಕೊಳ್ಳಬೇಕಾದ ಸಂಗತಿಯೊಂದಿದೆ. ಕಾಯಕವೆಲ್ಲವೂ ಪವಿತ್ರವೆಂದು ಹೊಗಳಿಬಿಟ್ಟರೆ ನಮ್ಮ ಹೊಣೆ ತೀರಿತೆಂದು ನಾವು ಭಾವಿಸುತ್ತೇವೆ. ಕಯೋಟಿಯ ತೊಗಲು ಹೆರೆಯುವವನ ಘನತೆ ಹೊಗಳಿಕೆಯಿಂದ ಬಂದದ್ದಲ್ಲ. ಬೇಡವೆನಿಸಿದ ದಿನ ಅವನು ಕತ್ತಿಯನ್ನು ಗೋಡೆಗೆ ತೂಗುಹಾಕಿ ಬೇರೆ ದಾರಿ ಹಿಡಿಯಬಹುದು, ಅದರಿಂದ ಬಂದದ್ದು. ನಮ್ಮಲ್ಲಿ ಆ ಬಾಗಿಲನ್ನೇ ಮುಚ್ಚಿದ್ದೆವು. 1927ರ ಮಾರ್ಚ್ ತಿಂಗಳಲ್ಲಿ ಮಹಾಡದಲ್ಲಿ ಸೇರಿದ ಪರಿಷತ್ತಿನಲ್ಲಿ ಡಾ. ಅಂಬೇಡ್ಕರರು ಸತ್ತ ದನದ ಮಾಂಸವನ್ನು ತೊರೆಯಿರೆಂದು ತಮ್ಮ ಜನಕ್ಕೆ ಕರೆಯಿತ್ತರು. ಹುಟ್ಟಿನೊಡನೆ ತಲೆಗೆ ಕಟ್ಟಿದ ಕೆಲಸಗಳನ್ನು ಬಿಡುವುದು ಆ ಚಳವಳಿಯ ಒಂದು ಅಂಗವಾಯಿತು. ಸಂವಿಧಾನದ 17ನೆಯ ವಿಧಿ ಅಸ್ಪೃಶ್ಯತೆಯನ್ನು ರದ್ದುಗೊಳಿಸಿತು. ಆದರೂ 2016ರ ಜುಲೈನಲ್ಲಿ ಗುಜರಾತಿನ ಉನಾದಲ್ಲಿ, ಸತ್ತ ಹಸುವಿನ ತೊಗಲು ಸುಲಿದ ಯುವಕರನ್ನು ಕಟ್ಟಿ ಬಹಿರಂಗವಾಗಿ ಥಳಿಸಲಾಯಿತು. ಆ ಕೆಲಸವನ್ನು ಅವರ ಪಾಲಿಗೆ ಕಟ್ಟಿದ ಸಮಾಜವೇ ಅದಕ್ಕಾಗಿ ಹೊಡೆಯಿತು. ಪ್ರತಿಭಟನೆಯಾಗಿ ಅಲ್ಲಿನ ಅವರ ಸಮುದಾಯದ ಜನ ಸತ್ತ ದನಗಳನ್ನು ಎತ್ತುವುದಿಲ್ಲವೆಂದಾಗಲೇ, ಅಷ್ಟು ವರ್ಷ ಅವರು ಎತ್ತುತ್ತಿದ್ದುದು ಏನೆಂಬುದು ಊರುಗಳಿಗೆ ತಿಳಿದದ್ದು. ಒಲ್ಲೆನೆನ್ನುವ ಹಕ್ಕಿಲ್ಲದವನಿಗೆ ನಾವು ಹಾಡುವ ಕಾಯಕದ ಸ್ತುತಿ ಇನ್ನೊಂದು ಬಗೆಯ ಹಗ್ಗ.

ಬಿಡುವ ಹಕ್ಕಿನಷ್ಟೇ ದೊಡ್ಡದು, ಇಷ್ಟಪಟ್ಟು ಉಳಿದವರಿಗೆ ಸಲ್ಲಬೇಕಾದ ಬೆಲೆ. 2019ರಲ್ಲಿ ಕೊಲ್ಹಾಪುರಿ ಚಪ್ಪಲಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆಯಿತು. ಆ ಮಾನ್ಯತೆ ಮಹಾರಾಷ್ಟ್ರದ ಕೊಲ್ಹಾಪುರ, ಸಾಂಗಲಿ, ಸಾತಾರಾ, ಸೊಲ್ಲಾಪುರ ಮತ್ತು ಕರ್ನಾಟಕದ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ ಹೀಗೆ ಎಂಟು ಜಿಲ್ಲೆಗಳಿಗೆ ಸೇರಿದ್ದು. ಗಡಿಯ ಗೆರೆಯ ವಿಷಯದಲ್ಲಿ ದೊಡ್ಡವರು ಹೊಡೆದಾಡುತ್ತಿರುವಾಗ ಮೆಟ್ಟು ಹೊಲಿಯುವವರು ಎರಡೂ ಕಡೆ ಒಂದೇ ಹೊಲಿಗೆ ಹಾಕುತ್ತಿದ್ದರು. ಪೇಟೆಯಲ್ಲಿ ಆ ಚಪ್ಪಲಿಯನ್ನು ಕೊಳ್ಳುವಾಗ ಅಂಗಡಿಯವನ ಬಳಿ ಬೆಲೆ ಕೇಳುತ್ತೇವೆ. ಅದರಲ್ಲಿ ಹೊಲಿದವನಿಗೆ ಎಷ್ಟು ಮುಟ್ಟಿತೆಂದು ಕೇಳುವುದಿಲ್ಲ.

ಗಡಿಯಾಚೆಯ ಕನ್ನಡಿಗರಾದ ನಮಗೆ ಈ ವಿಚಾರ ಬೇರೆಯವರಿಗಿಂತ ಬೇಗ ಅರ್ಥವಾಗಬೇಕು. ಕಚೇರಿಯ ಬಾಗಿಲಲ್ಲಿ ನಮ್ಮ ನುಡಿಯಲ್ಲಿ ಬರೆದ ಅರ್ಜಿಯನ್ನು ಹಿಡಿದು ನಿಂತು, ‘ಇದು ನಡೆಯದು’ ಎನ್ನಿಸಿಕೊಂಡ ಅನುಭವ ನಮ್ಮ ಹಿರಿಯರಿಗೆ ಹೊಸದಲ್ಲ. ನಮ್ಮಲ್ಲಿ ಯಾವ ತಪ್ಪೂ ಇಲ್ಲದೆ ನಾವು ಹೊರಗಿನವರಾದದ್ದರ ಉರಿ ನಮಗೆ ಗೊತ್ತು. ಆ ಉರಿಯನ್ನು ಕಂಡುಂಡ ನಾವೇ ನಮ್ಮ ಹೊಸ್ತಿಲಾಚೆ ಯಾರನ್ನು ನಿಲ್ಲಿಸಿದ್ದೆವೆಂದು ಲೆಕ್ಕ ಹಾಕದಿದ್ದರೆ, ನಮ್ಮ ದೂರು ನ್ಯಾಯದ ದೂರಾಗಿ ಉಳಿಯುವುದಿಲ್ಲ.

ಮಾಡಬೇಕಾದುದು ದೊಡ್ಡದೇನಲ್ಲ. ಕಸುಬಿನ ಹೆಸರನ್ನು ಬೈಗುಳವಾಗಿ ಬಳಸುವ ರೂಢಿಯನ್ನು ನಮ್ಮ ಮನೆಯ ನಾಲಗೆಯಿಂದ ತೆಗೆಯಬಹುದು. ಹೆರೆಯುವ, ನೆನೆಹಾಕುವ, ಹೊಲಿಯುವ ಕೆಲಸಗಳಿಗೆ ಆ ಮನೆಗಳ ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಕನ್ನಡ ಮಾತುಗಳನ್ನು, ಅವರಿಗೆ ಸಲ್ಲಬೇಕಾದ ಗೌರವ ಕೊಟ್ಟು, ನಮ್ಮ ಸಂಘ ಬರೆದಿಟ್ಟುಕೊಳ್ಳಬಹುದು. ಸಂಘದ ಸದಸ್ಯರ ಪಟ್ಟಿಯಲ್ಲಿ ಆ ಮನೆತನಗಳು ಎಷ್ಟಿವೆಯೆಂದು ಎಣಿಸಿ ನೋಡಬಹುದು. ಈ ವರ್ಷದ ಮೆರವಣಿಗೆ ಮಂಟಪವನ್ನು ಮುಟ್ಟಿ ಹಲಗೆ ನಿಂತಾಗ, ಬಾರಿಸಿದವರನ್ನು ನಮ್ಮ ಜೊತೆಗೆ ಒಳಗೆ ಕರೆದು, ಊಟದ ಪಂಕ್ತಿಯಲ್ಲಿ ನಮ್ಮ ಪಕ್ಕದಲ್ಲಿ ಕೂರಿಸಿಕೊಂಡು, ಬಳಿಕ ನಾವೆಲ್ಲರೂ ಒಂದೇ ನೀರಿನಲ್ಲಿ ಕೈತೊಳೆಯೋಣ.